ಸ್ಯಾನ್ ಹೋಸೆಯ ಜಪಾನ್‌ಟೌನ್: ಒಂದು ದಿನದ ನಡಿಗೆಗೆ ಏನೇನಿದೆ, ಸಸ್ಯಾಹಾರಿಗಳು ಏನು ತಿನ್ನಬಹುದು?

ಜಯನಗರದ ನಿವೃತ್ತ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಬರುವ ಜೂನ್‌ನಲ್ಲಿ ನಾನೂ ನಮ್ಮ ಮನೆಯವರೂ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ಮಗಳ ಮನೆಗೆ ಮೂರು ತಿಂಗಳ ಮಟ್ಟಿಗೆ ಹೊರಟಿದ್ದೇವೆ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಬಳೇಪೇಟೆ, ಚಿಕ್ಕಪೇಟೆ, ಕಬ್ಬನ್‌ಪೇಟೆಗಳ ಗಲ್ಲಿಗಳನ್ನು ಸುತ್ತಿ, ಹಳೆಯ ಗುಡಿ, ಛತ್ರಗಳನ್ನು ನೋಡಿ, ಕೊನೆಗೆ ಎಲ್ಲಾದರೂ ಕುಳಿತು ಇಡ್ಲಿ ತಿನ್ನುವುದು ನನ್ನ ಹಳೆಯ ರೂಢಿ (ಗೆಳೆಯರು ಇಡ್ಲಿಗಾಗಿಯೇ ಜೊತೆಗೆ ಬರುತ್ತಾರೆಂಬ ಗುಮಾನಿ ನನಗಿದೆ). ಜಪಾನಿ ವಲಸಿಗರ ಹಳೆಯ ಕೇರಿಗಳಾಗಿ ಅಮೆರಿಕದಲ್ಲಿ ಉಳಿದುಕೊಂಡಿರುವ ಮೂರೇ ಮೂರು ಜಪಾನ್‌ಟೌನ್‌ಗಳಲ್ಲಿ ಒಂದು ಸ್ಯಾನ್ ಹೋಸೆಯಲ್ಲಿದೆ ಎಂದು ಅಳಿಯಂದಿರು ಹೇಳುತ್ತಾರೆ. ಮಗಳು ಮಾತ್ರ "ಅಲ್ಲೇನಿದೆ ಅಪ್ಪ, ನಾಲ್ಕು ಬೀದಿ" ಎನ್ನುತ್ತಾಳೆ. ನಾವಿಬ್ಬರೂ ಸಸ್ಯಾಹಾರಿಗಳು, ನನಗೆ ಮಂಡಿನೋವು ಬೇರೆ. ಒಂದಿಡೀ ದಿನ ಕಳೆಯುವಷ್ಟು ಚರಿತ್ರೆ ಅಲ್ಲಿದೆಯೇ? ಎಲ್ಲಿಂದ ಆರಂಭಿಸಬೇಕು?

ಮಲ್ಲೇಶ್ವರದವಳು

ಸರ್, ಬೆಂಗಳೂರಿಗೆ ಮರಳುವ ಮುನ್ನ ಆರು ವರ್ಷ ಆ ಊರಿನಲ್ಲಿದ್ದೆ. ನಿಮ್ಮ ಮಗಳು ಹೇಳಿದ್ದು ಸುಳ್ಳಲ್ಲ: ಜ್ಯಾಕ್ಸನ್ ಬೀದಿಯೂ ಅದನ್ನು ಅಡ್ಡ ಹಾಯುವ ಎರಡು ಮೂರು ಬೀದಿಗಳೂ ಸೇರಿದರೆ ಜಪಾನ್‌ಟೌನ್ ಮುಗಿಯಿತು. ಹಾಗಾಗಿ ಮಂಡಿಯ ಚಿಂತೆ ಬೇಡ. ಲೈಟ್ ರೈಲಿನಲ್ಲಿ ಬಂದರೆ ಜಪಾನ್‌ಟೌನ್ ಏಯರ್ ಎಂಬ ನಿಲ್ದಾಣದಲ್ಲಿ ಇಳಿದು ಪೂರ್ವಕ್ಕೆ ನಡೆಯಬೇಕು.

ನನ್ನ ಸಲಹೆಯೆಂದರೆ ಮೊದಲು ಜ್ಯಾಕ್ಸನ್ ಬೀದಿಯ ಶೂಯೈದೋ ಎಂಬ ಪುಟ್ಟ ಮಿಠಾಯಿ ಅಂಗಡಿಗೆ ಹೋಗಿ. ನಾನು ತಡವಾಗಿ ಹೋದಾಗಲೆಲ್ಲ ಬೇಕಾದ ಬಗೆ ಖಾಲಿಯಾಗಿರುತ್ತಿತ್ತು. ಅಲ್ಲಿ ಸಿಗುವ ಮಂಜು, ಮೋಚಿ ಎಂಬ ಸಿಹಿತಿಂಡಿಗಳು ನಮ್ಮ ಹೂರಣದ ಕಡುಬಿನ ದೂರದ ನೆಂಟರು. ಮೋಚಿಯ ಕಣಕ ಅಂಟಕ್ಕಿಯದು. ಕೆಂಪು ಹೂರಣ ಅಜುಕಿ ಕಾಳಿನದು, ಅದು ಅಲಸಂದೆಯ ದಾಯಾದಿ. ಬಿಳಿ ಹೂರಣಕ್ಕೆ ಅಮೆರಿಕದಲ್ಲಿ ಸಾಮಾನ್ಯವಾಗಿ ಬಳಸುವ ಲೈಮಾ ಬೀನ್ಸ್ ಎಂದರೆ ನಾವು ಸಾಗುವಿಗೆ ಹಾಕುವ ಡಬಲ್ ಬೀನ್ಸ್, ಬೇರೇನಲ್ಲ. ಕಾಯಿ, ಏಲಕ್ಕಿ, ಬೆಲ್ಲ ಯಾವುದೂ ಇಲ್ಲದ್ದರಿಂದ ಮೊದಲ ತುತ್ತು ಸಪ್ಪೆಯೆನಿಸುತ್ತದೆ. ಬೆರಳಿಗೆ ಹಿಟ್ಟು ಮೆತ್ತಿಸಿಕೊಂಡು ಎರಡನೆಯದನ್ನು ಕಚ್ಚುವಾಗ, ಬೆಂದ ಕಾಳಿನ ರುಚಿಯನ್ನೇ ಅವರು ಮುಂದಿಟ್ಟಿದ್ದಾರೆಂಬುದು ತಿಳಿಯುತ್ತದೆ. ನನಗೆ ಹಿಡಿಸಿದ್ದು ಬಿಳಿ ಹೂರಣದ್ದೇ.

ದಿನವೂ ಕೈಯಿಂದ ತೋಫು (ಸೋಯಾ ಪನೀರು) ಮಾಡುತ್ತಿದ್ದ ಸ್ಯಾನ್ ಹೋಸೆ ತೋಫು ಅಂಗಡಿ 71 ವರ್ಷ ನಡೆದು 2017ರ ಕೊನೆಯಲ್ಲಿ ಬಾಗಿಲು ಹಾಕಿತು. ಹಳೆಯ ಲೇಖನಗಳನ್ನು ಓದಿ ಅದನ್ನು ಹುಡುಕಿಕೊಂಡು ಹೋಗಬೇಡಿ.

ಬಸವನಗುಡಿ ನಡಿಗೆಗಾರ

ಮೊದಲು ಮಿಠಾಯಿ ಎಂಬುದನ್ನು ನಾನು ಒಪ್ಪುವುದಿಲ್ಲ. ಐದನೇ ಬೀದಿಯಲ್ಲಿರುವ ಜಪಾನಿ ಅಮೆರಿಕನ್ನರ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿದರೆ ಮಿಕ್ಕ ಬೀದಿ ತಾನಾಗಿ ಅರ್ಥವಾಗುತ್ತದೆ.

ಇಂದು ಸಿಲಿಕಾನ್ ಕಣಿವೆ ಎನ್ನಿಸಿಕೊಳ್ಳುವ ಈ ಸೀಮೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಣ್ಣಿನ ತೋಟಗಳ ನಾಡು. ಊರಿನ ಹಳೆಯ ಚೀನೀ ಕೇರಿಗೆ 1887ರಲ್ಲಿ ಬೆಂಕಿ ಹಚ್ಚಲಾಯಿತು. ಆ ಬಳಿಕ ಜರ್ಮನ್ ಮೂಲದ ಜಾನ್ ಹೈನ್ಲೆನ್ ಎಂಬವರು ತಮ್ಮ ಜಾಗವನ್ನು ಬಾಡಿಗೆಗೆ ಕೊಟ್ಟಿದ್ದರಿಂದ ಹೊಸ ಚೀನೀ ಕೇರಿ ಎದ್ದಿತು. ತೋಟದ ಕೂಲಿಗೆ ಬಂದ ಜಪಾನಿಯರು ಅದರ ಮಗ್ಗುಲಿನಲ್ಲಿ ನೆಲೆಯೂರಿದರು. ಜಪಾನಿನಲ್ಲಿ ಹುಟ್ಟಿದವರಿಗೆ ಅಮೆರಿಕದ ಪೌರತ್ವ ಸಿಗುತ್ತಿರಲಿಲ್ಲ, ಪೌರತ್ವಕ್ಕೆ ಅರ್ಹರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂದು 1913ರಲ್ಲಿ ಕ್ಯಾಲಿಫೋರ್ನಿಯಾ ಕಾಯ್ದೆಯನ್ನೂ ಮಾಡಿತು.

ಜಪಾನಿನೊಡನೆ ಯುದ್ಧ ಶುರುವಾಗಿ, 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್ವೆಲ್ಟ್ 9066ನೆಯ ಆದೇಶಕ್ಕೆ ಸಹಿ ಹಾಕಿದ ಮೇಲೆ ಪಶ್ಚಿಮ ಕರಾವಳಿಯಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಬಂಧನ ಶಿಬಿರಗಳಿಗೆ ಸಾಗಿಸಲಾಯಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಸ್ಯಾನ್ ಹೋಸೆಯವರನ್ನು ನೋಂದಾಯಿಸಿಕೊಂಡದ್ದು ಇಂದಿನ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ವ್ಯಾಯಾಮಶಾಲೆಯಲ್ಲಿ. ಆ ಕಟ್ಟಡಕ್ಕೆ ಈಗ ಅಲ್ಲಿಯೇ ಜೂಡೋ ಕಲಿಸಿದ ಯೋಷಿಹಿರೋ ಉಚಿದಾ ಅವರ ಹೆಸರಿದೆ; ಅವರ ಮನೆಮಂದಿಯೂ ಶಿಬಿರ ಕಂಡವರೇ. ಜಪಾನ್‌ಟೌನ್‌ನಿಂದ ಅದು ಸುಮಾರು ಎರಡು ಕಿಲೋಮೀಟರ್ ದೂರ, ಮಂಡಿ ಒಪ್ಪಿದರೆ ಹೋಗಿ ಬನ್ನಿ.

ಇಲ್ಲಿನ ಬಹುಪಾಲು ಜನರನ್ನು ವಯೋಮಿಂಗ್ ರಾಜ್ಯದ ಹಾರ್ಟ್ ಮೌಂಟನ್ ಶಿಬಿರಕ್ಕೆ ಒಯ್ದರು. ಅವರಲ್ಲಿ ಹತ್ತು ವರ್ಷದ ನಾರ್ಮನ್ ಮಿನೇಟಾ ಎಂಬ ಹುಡುಗನೂ ಇದ್ದ. ಅವನ ಕೈಯಲ್ಲಿದ್ದ ಬೇಸ್‌ಬಾಲ್ ಬ್ಯಾಟನ್ನು ಆಯುಧವೆಂದು ಸೈನಿಕರು ಕಿತ್ತುಕೊಂಡಿದ್ದರು. ಅದೇ ಹುಡುಗ 1971ರಲ್ಲಿ ಸ್ಯಾನ್ ಹೋಸೆಯ ಮೇಯರ್ ಆಗಿ ಆಯ್ಕೆಯಾದರು. ಸಂಸತ್ತಿಗೆ ಹೋದ ಮೇಲೆ, ಸರ್ಕಾರ ಕ್ಷಮೆ ಕೇಳಿ ಬದುಕುಳಿದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಡುವಂತೆ ಮಾಡಿದ 1988ರ ಕಾಯ್ದೆಗಾಗಿ ದುಡಿದರು. ಆ ಊರಿನ ವಿಮಾನ ನಿಲ್ದಾಣದ ಹೆಸರಿನಲ್ಲಿ ಇರುವ ಮಿನೇಟಾ ಇವರೇ.

ವಸ್ತುಸಂಗ್ರಹಾಲಯದಲ್ಲಿ ಶಿಬಿರದ ಒಂದು ಕೋಣೆಯನ್ನು ಹಾಗೆಯೇ ಕಟ್ಟಿಟ್ಟಿದ್ದಾರೆ. ಬರೀ ಹಲಗೆ, ಕಬ್ಬಿಣದ ಮಂಚ, ಒಂದು ಒಲೆ. ಅದರೊಳಗೆ ನಿಂತು ಬಂದು ಆಮೇಲೆ 1937ರ ಬೌದ್ಧ ದೇವಾಲಯವನ್ನು ನೋಡಿ. ಯುದ್ಧ ಮುಗಿದು ಮರಳಿದವರಲ್ಲಿ ಮನೆಯಿಲ್ಲದವರಿಗೆ ಅದೇ ತಂಗುದಾಣವಾಗಿತ್ತು. ಜುಲೈನಲ್ಲಿ ಹಿರಿಯರ ನೆನಪಿಗೆ ಅಲ್ಲಿ ಓಬೋನ್ ಹಬ್ಬ ನಡೆದು ಬೀದಿಯಲ್ಲೇ ಸಾಮೂಹಿಕ ನೃತ್ಯವಾಗುತ್ತದೆ. ನೀವು ಆಗ ಅಲ್ಲೇ ಇರುತ್ತೀರಿ.

ಸಾರಿನಲ್ಲಿ ಸಿಕ್ಕಿಬಿದ್ದವನು

ಊಟದ ವಿಷಯದಲ್ಲಿ ಒಂದು ಎಚ್ಚರಿಕೆ. ಅಲ್ಲಿನ ಒಂದು ಹೋಟೆಲಿನಲ್ಲಿ ಮಾಂಸ, ಮೊಟ್ಟೆ ಇಲ್ಲವೆಂದು ಕೇಳಿ ಖಾತ್ರಿ ಮಾಡಿಕೊಂಡು ತರಕಾರಿಯ ಊದೋನ್ (ಸಾರಿನಲ್ಲಿ ಹಾಕಿದ ದಪ್ಪ ಗೋಧಿ ಶಾವಿಗೆ) ತರಿಸಿದೆ. ಅರ್ಧ ಬಟ್ಟಲು ಮುಗಿದ ಮೇಲೆ, ಸಾರು ದಾಶಿಯದೆಂದು ಪಕ್ಕದ ಮೇಜಿನವರು ಹೇಳಿದರು. ದಾಶಿ ಎಂದರೆ ಸಾಮಾನ್ಯವಾಗಿ ಸಮುದ್ರದ ಪಾಚಿಯ ಜೊತೆಗೆ, ಹೊಗೆಯಲ್ಲಿ ಒಣಗಿಸಿ ತೆಳ್ಳಗೆ ಹೆರೆದ ಮೀನನ್ನೂ ಹಾಕಿ ಇಳಿಸಿದ ತಿಳಿ. ಒಗ್ಗರಣೆಗೆ ಇಂಗು ಹಾಕಿದ್ದನ್ನು ನಾವು ಹೇಗೆ ಬಿಡಿಸಿ ಹೇಳುವುದಿಲ್ಲವೋ ಹಾಗೆಯೇ ಅವರೂ ಅದನ್ನು ಹೇಳುವುದಿಲ್ಲ. "ದಾಶಿ ಇದೆಯೇ" ಎಂದು ಹೆಸರು ಹಿಡಿದೇ ಕೇಳಿ. ಹುದುಗಿಸಿದ ಸೋಯಾದಿಂದ ಮಾಡುವ ಮಿಸೋ ಸಾರಿಗೂ ಇದೇ ಮಾತು. ಸೌತೆಕಾಯಿಯನ್ನು ಅನ್ನದಲ್ಲಿ ಸುತ್ತಿದ ಕಪ್ಪಾಮಾಕಿ, ಉಪ್ಪು ಉದುರಿಸಿದ ಎಡಮಾಮೆ (ಎಳೆಯ ಸೋಯಾ ಕಾಯಿ) ಇವುಗಳಿಂದ ಹೊಟ್ಟೆ ತುಂಬದಿದ್ದರೂ ತೊಂದರೆಯಾಗುವುದಿಲ್ಲ.

ಜಯನಗರದ ನಿವೃತ್ತ ಮೇಷ್ಟ್ರು

ಮೂವರಿಗೂ ಕೃತಜ್ಞತೆಗಳು. ಯುದ್ಧಕಾಲದಲ್ಲಿ ಅಕ್ಕಿ ಸಿಗದೆ ರವೆ ಇಡ್ಲಿ ಹುಟ್ಟಿತೆಂದು ಎಂ.ಟಿ.ಆರ್. ಹೇಳಿಕೊಳ್ಳುತ್ತದೆ. ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ನಮಗೆ ಅಕ್ಕಿ ಬರುವುದು ನಿಂತದ್ದೂ ಅದೇ 1942ರಲ್ಲಿ. ಇಷ್ಟು ದಿನ ಆ ಇಡ್ಲಿ ತಿಂದರೂ ಈ ಎರಡನ್ನು ಒಟ್ಟಿಗೆ ಯೋಚಿಸಿರಲಿಲ್ಲ. ವಸ್ತುಸಂಗ್ರಹಾಲಯವನ್ನೇ ಮೊದಲು ನೋಡುತ್ತೇನೆ. ನಮ್ಮ ಮನೆಯವರು ಅಷ್ಟರಲ್ಲಿ ಶೂಯೈದೋದಲ್ಲಿ ಬಿಳಿ ಹೂರಣದ್ದನ್ನು ಕಟ್ಟಿಸಿಟ್ಟಿರುತ್ತಾರಂತೆ.