ಕಲಿಮ್ನೋಸ್‌ನಲ್ಲಿ ಹತ್ತು ದಿನ ಕ್ಲೈಂಬಿಂಗ್: 60 ಮೀಟರ್ ಹಗ್ಗ ಸಾಕೇ?

ಪ್ರಶ್ನೆ: ಬಾದಾಮಿಯಲ್ಲಿ 6ಎ ಕಷ್ಟದ ಮಟ್ಟದವರೆಗೆ ಲೀಡ್ ಮಾಡುವ (ಹಗ್ಗವನ್ನು ಕೆಳಗಿನಿಂದ ಒಯ್ಯುತ್ತ ಮೊದಲು ಹತ್ತುವ) ನಾವಿಬ್ಬರು ಅಕ್ಟೋಬರಿನಲ್ಲಿ ಗ್ರೀಸಿನ ಕಲಿಮ್ನೋಸ್ ದ್ವೀಪಕ್ಕೆ ಹೊರಟಿದ್ದೇವೆ. 60 ಮೀಟರ್ ಹಗ್ಗ, 12 ಕ್ವಿಕ್‌ಡ್ರಾ (ಬಂಡೆಗೆ ಬಡಿದ ಬೋಲ್ಟಿಗೆ ಹಗ್ಗ ಸಿಕ್ಕಿಸುವ ಜೋಡಿ ಕೊಕ್ಕೆ) ಇವೆ. ಇನ್ನೇನು ಬೇಕು? ತಿಳಿದವರು ಹೇಳಿ.

ಉತ್ತರ: ಎರಡೂ ಸಾಲವು. ಅಲ್ಲಿ 30 ಮೀಟರ್ ದಾಟುವ ರೂಟ್‌ಗಳು (ಹತ್ತುವ ದಾರಿಗಳು) ಬಹಳ. ಲೆಕ್ಕ ಹಾಕಿ ನೋಡಿ: ಹಗ್ಗ ಮೇಲೆ ಹೋಗಿ ಮತ್ತೆ ಕೆಳಗೆ ಬರಬೇಕಾದ್ದರಿಂದ 35 ಮೀಟರ್ ರೂಟಿನ ತುದಿಯಿಂದ ಇಳಿಸಲು 70 ಮೀಟರ್ ಬೇಕು. 60ರ ಹಗ್ಗವಾದರೆ ಕ್ಲೈಂಬರ್ ಇನ್ನೂ 10 ಮೀಟರ್ ಮೇಲಿರುವಾಗಲೇ ಹಗ್ಗದ ಬಾಲ ಬಿಲೇ ಸಾಧನದಿಂದ (ಕೆಳಗೆ ನಿಂತವರು ಹಗ್ಗವನ್ನು ಹಿಡಿತದಲ್ಲಿಡುವ ಸಾಧನ) ಜಾರಿಹೋಗುತ್ತದೆ. ಹಗ್ಗ ಹಿಗ್ಗುತ್ತದೆ ಎಂದು ನಂಬಿ ಕೂರಬೇಡಿ. ಕನಿಷ್ಠ 70, ಸಾಧ್ಯವಾದರೆ 80 ಒಯ್ಯಿರಿ. 9.5 ಮಿ.ಮೀ. ದಪ್ಪದ 70 ಮೀಟರ್ ಹಗ್ಗವೇ ಸುಮಾರು 4 ಕೆ.ಜಿ. ತೂಗುತ್ತದೆ, ಲಗೇಜ್ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಕ್ವಿಕ್‌ಡ್ರಾ 18 ಇರಲಿ. ಹಗ್ಗ ಎಷ್ಟೇ ಉದ್ದವಿರಲಿ, ಬಾಲಕ್ಕೆ ಗಂಟು ಹಾಕದೆ ಯಾರೂ ನೆಲ ಬಿಡಬಾರದು. ಇದೊಂದನ್ನು ಮಾತ್ರ ಮರೆಯಬೇಡಿ.

ಉತ್ತರ: ಹಗ್ಗದ ಮಾತು ನೂರಕ್ಕೆ ನೂರು ಸರಿ. ಇನ್ನು ಬಂಡೆಯ ವಿಷಯ. ಬಾದಾಮಿಯ ಮರಳುಗಲ್ಲು ಹೆಚ್ಚಾಗಿ ನೇರ ಗೋಡೆ. ಸಣ್ಣ ಅಂಚುಗಳ ಮೇಲೆ ಬೆರಳು, ಪಾದಗಳದೇ ಕೆಲಸ. ಕಲಿಮ್ನೋಸ್‌ನದು ಸುಣ್ಣದಕಲ್ಲು. ಹಲವು ಕಡೆ ಮುಂದಕ್ಕೆ ಚಾಚಿಕೊಂಡು, ನೀರಿನಿಂದ ಬೆಳೆದ ಟ್ಯೂಫಾ ಕಂಬಗಳು ಇಳಿಬಿದ್ದಿರುತ್ತವೆ. ಹಿಡಿತ ದೊಡ್ಡದೇ ಇದ್ದರೂ ಮುಂಗೈ ಊದಿಕೊಂಡು ಕೈ ಬಿಟ್ಟುಹೋಗುತ್ತದೆ. ಟ್ಯೂಫಾ ನಡುವೆ ಮೊಣಕಾಲು ಸಿಕ್ಕಿಸಿ ಕೈಗೆ ವಿರಾಮ ಕೊಡುವುದನ್ನು ಕಲಿಯಿರಿ, ಮೊಣಕಾಲಿಗೆ ರಬ್ಬರ್ ಪ್ಯಾಡ್ ಇದ್ದರೆ ಒಳ್ಳೆಯದು. ಮೊದಲೆರಡು ದಿನ 5ಸಿ ದಾಟಬೇಡಿ. ಗ್ರಾಂಡೆ ಗ್ರೊಟ್ಟಾ ಗುಹೆಯ ಚಿತ್ರ ಎಲ್ಲರೂ ನೋಡಿರುತ್ತಾರೆ. ಕ್ಲೈಂಬರ್‌ಗಳು ಹೆಚ್ಚಾಗಿ ತಂಗುವ ಮಸೂರಿ ಊರಿನಿಂದ ಸುಮಾರು 20 ನಿಮಿಷ ಏರಿದರೆ ಸಿಗುತ್ತದೆ. ಆದರೆ ಅಲ್ಲಿನ ಹೆಸರಾಂತ ರೂಟ್‌ಗಳು 7ಎ ಮತ್ತು ಮೇಲಿನವು. ನೋಡಿ ಬನ್ನಿ, ದಿನಗಳನ್ನು ಅಲ್ಲೇ ಕಳೆಯಬೇಡಿ. ನಿಮ್ಮ ಮಟ್ಟಕ್ಕೆ ಅರ್ಗಿನೋಂಟಾ ಕಣಿವೆ, ಪೊಯೆಟ್ಸ್ ಸೆಕ್ಟರ್ (ಬಂಡೆಯ ಒಂದು ಭಾಗ) ಹೊಂದುತ್ತವೆ.

ಮಸೂರಿಯ ಮೇಲಿನ ಗೋಡೆಗಳು ಪಶ್ಚಿಮಕ್ಕೆ ಮುಖಮಾಡಿವೆ. ಬೆಳಿಗ್ಗೆ ನೆರಳು, ಮಧ್ಯಾಹ್ನದ ಮೇಲೆ ಬಿಸಿಲು. ಅಕ್ಟೋಬರಿನಲ್ಲೂ ಬಿಸಿಲಿಗೆ ಕೈ ಬೆವರಿ ಜಾರುತ್ತದೆ, ಬೇಗ ಹೊರಡಿ.

ಉತ್ತರ: ಪ್ರಯಾಣದ ಬಗ್ಗೆ. ಅಥೆನ್ಸ್‌ನಿಂದ ಕೋಸ್ ದ್ವೀಪಕ್ಕೆ ವಿಮಾನ, ನಿಲ್ದಾಣದ ಹತ್ತಿರದ ಮಸ್ತಿಖಾರಿ ಬಂದರಿನಿಂದ ಕಲಿಮ್ನೋಸ್‌ನ ಪೋಥಿಯಾಕ್ಕೆ ದೋಣಿ, ಅಲ್ಲಿಂದ ಟ್ಯಾಕ್ಸಿ ಅಥವಾ ಬಸ್ಸಿನಲ್ಲಿ ಮಸೂರಿ. ಗಾಳಿ ಜೋರಾದರೆ ದೋಣಿ ನಿಲ್ಲುತ್ತದೆ, ಹಾಗಾಗಿ ವಾಪಸಿನ ವಿಮಾನಕ್ಕೆ ಮುನ್ನ ಒಂದು ದಿನ ಕೋಸ್‌ನಲ್ಲೇ ಉಳಿಯಿರಿ. ಗ್ರೀಸಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಅದಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಆದರೆ ಸಾಮಾನ್ಯ ಪ್ರಯಾಣ ವಿಮೆಯಲ್ಲಿ ಬಂಡೆ ಹತ್ತುವುದನ್ನು ಹೊರಗಿಟ್ಟಿರುವುದೇ ಹೆಚ್ಚು. ಪಾಲಿಸಿಯ ಸಣ್ಣಕ್ಷರಗಳನ್ನು ಓದಿ, ಕ್ಲೈಂಬಿಂಗ್ ಮತ್ತು ಅಪಘಾತವಾದರೆ ರಕ್ಷಿಸಿ ತರುವ ವೆಚ್ಚ ಎರಡೂ ಸೇರಿರುವುದನ್ನೇ ಕೊಳ್ಳಿ. ಸ್ಕೂಟರ್ ಬಾಡಿಗೆಗೆ ಬೇಕಿದ್ದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಊರಿನಲ್ಲೇ ಮಾಡಿಸಿಕೊಳ್ಳಿ.

ಉತ್ತರ: ಹೆಲ್ಮೆಟ್ ಯಾರೂ ಹೇಳಲಿಲ್ಲ. ಗೋಡೆಗಳ ಮೇಲೆ ಆಡುಗಳು ಓಡಾಡುತ್ತವೆ, ಅವುಗಳ ಕಾಲಿಗೆ ಸಿಕ್ಕ ಕಲ್ಲು ಬಿಲೇ ಮಾಡುವವರ ತಲೆ ಮೇಲೆಯೇ ಬರುತ್ತದೆ. ಕೆಳಗೆ ನಿಂತವರೂ ಹಾಕಿಕೊಳ್ಳಿ. ಸಮುದ್ರದ ಉಪ್ಪುಗಾಳಿಗೆ ಬೋಲ್ಟ್ ಒಳಗೊಳಗೇ ಸವೆಯಬಹುದು. ಕ್ಲಿಪ್ ಮಾಡುವ ಮೊದಲು ತುಕ್ಕು, ಬಿರುಕು ನೋಡಿ, ಅಲುಗಾಡಿದರೆ ಆ ರೂಟ್ ಬಿಡಿ. ಇಬ್ಬರೂ ಒಂದೇ ರೂಟನ್ನು ಹತ್ತುವಾಗ ಮೇಲಿನ ಆಂಕರ್‌ಗೆ (ರೂಟಿನ ತುದಿಯಲ್ಲಿ ಹಗ್ಗ ಇಳಿಬಿಡುವ ಲೋಹದ ಕೊಂಡಿ) ನಿಮ್ಮದೇ ಎರಡು ಕ್ವಿಕ್‌ಡ್ರಾ ಹಾಕಿ; ಕೊನೆಯವರು ಮಾತ್ರ ಅಲ್ಲಿನ ಲೋಹದ ಮೇಲೆ ಇಳಿಯಲಿ, ಇಲ್ಲದಿದ್ದರೆ ಅದು ಬೇಗ ಸವೆಯುತ್ತದೆ.

ಉತ್ತರ: ಎದುರಿನ ತೆಲೆಂಡೋಸ್ ದ್ವೀಪಕ್ಕೂ ಒಂದು ದಿನ ಇಡಿ. ಮಸೂರಿ ಪಕ್ಕದ ಮಿರ್ತಿಯೆಸ್‌ನಿಂದ ದೋಣಿಯಲ್ಲಿ ಹತ್ತು ನಿಮಿಷ. ಕೊನೆಯ ದೋಣಿ ಎಷ್ಟು ಹೊತ್ತಿಗೆ ಎಂದು ಇಳಿಯುವಾಗಲೇ ಕೇಳಿಟ್ಟುಕೊಳ್ಳಿ. ಒಬ್ಬೊಬ್ಬರಿಗೆ ಕನಿಷ್ಠ 2 ಲೀಟರ್ ಕುಡಿಯುವ ನೀರು ಜೊತೆಯಲ್ಲಿರಲಿ, ಬಂಡೆಯ ಬುಡದಲ್ಲಿ ಏನೂ ಸಿಗುವುದಿಲ್ಲ. ತುರ್ತು ಕರೆಗೆ 112.