ಮನೆಯ ಪ್ಲೇಟ್‌ನಲ್ಲಿ ಇ. ಕೋಲಿ ಸೊನ್ನೆ, ಲ್ಯಾಬ್‌ನಲ್ಲಿ 1600ಕ್ಕಿಂತ ಜಾಸ್ತಿ. ಶಿವಮೊಗ್ಗ, ತುಂಗಾ ನೀರು. ಸಹಾಯ ಬೇಕು

ತುಂಗಾದಡ

ತಲೆ ಕೆಟ್ಟು ಹೋಗಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ನಾವು ಕೆಲವರು ಶಿವಮೊಗ್ಗದಲ್ಲಿ ತುಂಗೆಯಲ್ಲೇ ಈಜು ಕಲಿತವರು. ಈಗ ನಮ್ಮ ಮಕ್ಕಳನ್ನು ಅದೇ ನೀರಿಗೆ ಇಳಿಸಲು ಧೈರ್ಯ ಸಾಲುತ್ತಿಲ್ಲ. ಚರಂಡಿ ನೀರು ಎಲ್ಲೆಲ್ಲಿ ಬಂದು ಸೇರುತ್ತದೆ ಅಂತ ಊರಿನವರಿಗೆಲ್ಲ ಗೊತ್ತು. ಅದಕ್ಕೇ ವಾರವಾರ ನಾವೇ ನೀರಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಇದೆಯಾ ಅಂತ ಪರೀಕ್ಷೆ ಮಾಡಿ, ಮೆಟ್ಟಿಲ ಹತ್ತಿರ ಹಸಿರು ಅಥವಾ ಕೆಂಪು ಬಾವುಟ ಹಾಕೋಣ ಅಂತ ಹೊರಟಿದ್ದೇವೆ.

ಸಾಮಾನು ಇಷ್ಟು: 0.45 ಮೈಕ್ರಾನ್‌ನ ಗ್ರಿಡ್ ಮೆಂಬ್ರೇನ್ (ಬ್ಯಾಕ್ಟೀರಿಯಾ ಸೋಸಿ ಹಿಡಿಯುವ ಹಾಳೆ), ಕೈಪಂಪು, ಕ್ರೋಮೋಜೆನಿಕ್ ಅಗಾರ್ ಪ್ಲೇಟ್ (ಇದರಲ್ಲಿ ಬ್ಯಾಕ್ಟೀರಿಯಾ ಬಣ್ಣದ ಚುಕ್ಕೆಯಾಗಿ ಬೆಳೆಯುತ್ತದೆ), ಥರ್ಮೋಕೋಲ್ ಡಬ್ಬದಲ್ಲಿ ಮಾಡಿದ ಇನ್‌ಕ್ಯುಬೇಟರ್. 37 ಡಿಗ್ರಿ, 24 ಗಂಟೆ. ಉಳಿದದ್ದೆಲ್ಲ ಮಾಮೂಲಿ ವಿಧಾನ.

ಪ್ಲೇಟ್ ತೆಗೆದರೆ ಖಾಲಿ. ಕೆಲವೊಮ್ಮೆ ಒಂದು ನೀಲಿ ಚುಕ್ಕೆ, ಎರಡು ಗುಲಾಬಿ ಚುಕ್ಕೆ, ಅಷ್ಟೇ. ಅದೇ ದಿನ, ಅದೇ ಜಾಗದ ನೀರನ್ನು ಲ್ಯಾಬ್‌ಗೆ ಕೊಟ್ಟರೆ ಫೀಕಲ್ ಕೋಲಿಫಾರ್ಮ್ (ಇ. ಕೋಲಿಯೂ ಸೇರಿದ ಬ್ಯಾಕ್ಟೀರಿಯಾ ಗುಂಪು) 100 ಮಿ.ಲೀ.ಗೆ 1600ಕ್ಕಿಂತ ಜಾಸ್ತಿ ಅಂತ ವರದಿ. ಎಚ್‌ಟುಎಸ್ ಬಾಟಲಿ (ಮಲದ ಬ್ಯಾಕ್ಟೀರಿಯಾ ಇದ್ದರೆ ಕಪ್ಪಾಗುವ ಪರೀಕ್ಷೆ) ಕೂಡ ಕಪ್ಪಾಗುತ್ತಿದೆ. ಅಂದರೆ ನೀರಿನಲ್ಲಿ ಕೊಳಕು ಇದೆ, ನಮ್ಮ ಪ್ಲೇಟ್ ಮಾತ್ರ ಸುಳ್ಳು ಹೇಳುತ್ತಿದೆ. ಇದನ್ನು ನಂಬಿ ಹಸಿರು ಬಾವುಟ ಹಾಕಿಬಿಟ್ಟರೆ ಏನು ಗತಿ?

ಸೋಲ್ಡರ್ ಸಿದ್ದ

ಇನ್‌ಕ್ಯುಬೇಟರ್ ಅಣ್ಣ, ನೂರಕ್ಕೆ ನೂರು. ಉಷ್ಣತೆ ಕಾಯುವ ಕಂಟ್ರೋಲರ್ ಡಬ್ಲ್ಯು1209 ತಾನೇ? ಅದರ ಸೆನ್ಸರ್ ಒಂದು ಮೂಲೆಯಲ್ಲಿ, ಪ್ಲೇಟ್ ಇನ್ನೊಂದು ಮೂಲೆಯಲ್ಲಿ ಇದ್ದರೆ ಪರದೆಯ ಮೇಲೆ 37 ಕಾಣುತ್ತದೆ, ಒಳಗೆ ಎಷ್ಟಿರುತ್ತದೋ. ಬಲ್ಬ್ ಹಾಕಿದ್ದೀರಾ, ಹೀಟಿಂಗ್ ಪ್ಯಾಡ್ ಹಾಕಿದ್ದೀರಾ? ಫ್ಯಾನ್ ಇದೆಯಾ? ಫೋಟೋ ಹಾಕಿ.

ತುಂಗಾದಡ

ಡಬ್ಲ್ಯು1209 ಹೌದು. ಬಲ್ಬ್ ಮತ್ತು ಕಂಪ್ಯೂಟರ್‌ನ ಹಳೇ ಫ್ಯಾನ್ ಇದೆ. ಸೆನ್ಸರ್ ಪ್ಲೇಟ್‌ಗಳ ನಡುವೆಯೇ ಇದೆ. ಬೇರೆ ಥರ್ಮಾಮೀಟರ್ ಇಟ್ಟು ನೋಡಿದೆ, ಸರಿಯಾಗಿಯೇ ತೋರಿಸುತ್ತಿದೆ.

ಲ್ಯಾಬ್ ಕೋಟು

ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುತ್ತೇನೆ. “ಮಾಮೂಲಿ ವಿಧಾನ” ಅಂದಿರಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಿ. ಎಷ್ಟು ಮಿ.ಲೀ. ಸೋಸುತ್ತೀರಿ? ನೀರು ತೆಳುವು ಮಾಡುತ್ತೀರಾ? ಒಂದು ಸ್ಯಾಂಪಲ್ ಆದ ಮೇಲೆ ಇನ್ನೊಂದಕ್ಕೆ ಮುಂಚೆ ಫನೆಲ್ ಹೇಗೆ ತೊಳೆಯುತ್ತೀರಿ? ನೀರು ತಂದ ಎಷ್ಟು ಹೊತ್ತಿಗೆ ಪ್ಲೇಟ್ ಮಾಡುತ್ತೀರಿ?

ಇನ್ನೊಂದು ಮಾತು. 1600ಕ್ಕಿಂತ ಜಾಸ್ತಿ ಅನ್ನುವುದು ಎಣಿಸಿ ಹೇಳಿದ ಸಂಖ್ಯೆ ಅಲ್ಲ. ಎಂಪಿಎನ್ (ಎಷ್ಟು ಟ್ಯೂಬ್ ಪಾಸಿಟಿವ್ ಬಂತು ಅಂತ ನೋಡಿ ಅಂದಾಜು ಕಟ್ಟುವ) ಪರೀಕ್ಷೆಯಲ್ಲಿ ಐದೈದು ಟ್ಯೂಬ್‌ಗಳ ಮೂರು ಸಾಲು ಇರುತ್ತವೆ: 10, 1, 0.1 ಮಿ.ಲೀ. ಎಲ್ಲ ಟ್ಯೂಬೂ ಪಾಸಿಟಿವ್ ಬಂದರೆ ಕೋಷ್ಟಕದ ತುದಿ ಮುಟ್ಟಿದ ಹಾಗೆ. ನಿಜವಾದ ಲೆಕ್ಕ ಎರಡು ಸಾವಿರ ಇರಬಹುದು, ಎರಡು ಲಕ್ಷವೂ ಇರಬಹುದು. ಮುಂದಿನ ಸಲ ಇನ್ನೂ ತೆಳುವು ಮಾಡಿ ನೋಡಿ ಅಂತ ಲ್ಯಾಬ್‌ನವರಿಗೆ ಮೊದಲೇ ಹೇಳಿ.

ಮೀನುತೊಟ್ಟಿ

ಇಷ್ಟೆಲ್ಲ ಯಾಕೆ? ಒಂದು ಟಿಡಿಎಸ್ ಮೀಟರ್ ಅದ್ದಿ ನೋಡಿ. ನಾನು ತುಂಗಾ ನೀರು ತಂದು ನೋಡಿದ್ದೇನೆ, ನೂರು ಕೂಡ ದಾಟಲಿಲ್ಲ. ಬೋರ್‌ವೆಲ್ ನೀರಿಗಿಂತ ಎಷ್ಟೋ ಮೇಲು. ನನ್ನ ಆರು ಅಡಿ ತೊಟ್ಟಿಯಲ್ಲಿ ಪಿಎಚ್, ಟಿಡಿಎಸ್, ಉಷ್ಣತೆ ಮೂರಕ್ಕೂ ಸೆನ್ಸರ್ ಕೂರಿಸಿ ಇಎಸ್‌ಪಿ32 ಅನ್ನುವ ವೈಫೈ ಚಿಪ್ ಮೂಲಕ ಫೋನ್‌ಗೆ ಬರುವ ಹಾಗೆ ಮಾಡಿದ್ದೇನೆ. ಅದನ್ನೇ ಮೆಟ್ಟಿಲ ಹತ್ತಿರ ಕಟ್ಟಿಬಿಡಿ.

ಲ್ಯಾಬ್ ಕೋಟು

ಟಿಡಿಎಸ್ ತೋರಿಸುವುದು ಕರಗಿದ ಲವಣವನ್ನು. ಮಲದ ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದಿಲ್ಲ. ಮಲೆನಾಡಿನ ನದಿಯಲ್ಲಿ ಟಿಡಿಎಸ್ ಯಾವಾಗಲೂ ಕಡಿಮೆಯೇ. ಕನ್ನಡಿ ಹಾಗೆ ತಿಳಿಯಾಗಿರುವ ನೀರು ಕುಡಿದು ವಾಂತಿ ಭೇದಿ ಆದವರು ಎಷ್ಟು ಜನ ಬೇಕು?

ಮೀನುತೊಟ್ಟಿ

ಸೆನ್ಸರ್ ಪೂರ್ತಿ ದಂಡ ಅನ್ನಬೇಡಿ ಮೇಡಂ. ದಿನವೂ ಬರುವ ಅಳತೆ ಇದ್ದಕ್ಕಿದ್ದಂತೆ ಏರಿದರೆ ಎಲ್ಲಿಂದಲೋ ಏನೋ ಸೇರಿದೆ ಅಂತ ಗೊತ್ತಾಗುತ್ತದಲ್ಲ.

ಲ್ಯಾಬ್ ಕೋಟು

ಆ ಮಟ್ಟಿಗೆ ಒಪ್ಪುತ್ತೇನೆ. ಅದು ಎಚ್ಚರಿಕೆಯ ಗಂಟೆ. ಅದನ್ನು ನೋಡಿ ಹಸಿರು ಬಾವುಟ ಮಾತ್ರ ಹಾಕಬಾರದು.

ಸೋಲ್ಡರ್ ಸಿದ್ದ

ವಾಪಸ್ ಇನ್‌ಕ್ಯುಬೇಟರ್‌ಗೆ ಬನ್ನಿ. ಬೇರೆ ಥರ್ಮಾಮೀಟರ್ ಇಟ್ಟೆ ಅಂದಿರಿ, ರಾತ್ರಿಯೆಲ್ಲ ಎದ್ದು ನೋಡಿದಿರಾ? ಬಲ್ಬ್ ಹತ್ತಿದಾಗ ಒಂದೆರಡು ನಿಮಿಷ 45 ದಾಟಿದರೂ ಸಾಕು. ಜ್ವರ ನೋಡುವ ಹಳೇ ಪಾದರಸದ ಥರ್ಮಾಮೀಟರ್ ಇದ್ದರೆ ಒಳಗಿಟ್ಟು ಬಾಗಿಲು ಹಾಕಿ. ಎಲ್ಲಿಯವರೆಗೆ ಏರಿತ್ತೋ ಅಲ್ಲೇ ನಿಂತಿರುತ್ತದೆ, ತಾನಾಗಿ ಇಳಿಯುವುದಿಲ್ಲ.

ನನ್ನದಕ್ಕೆ ಪಿಐಡಿ (ಉಷ್ಣತೆ ಏರಿಳಿಯದಂತೆ ನೋಡಿಕೊಳ್ಳುವ ಪ್ರೋಗ್ರಾಂ) ಬರೆದಿದ್ದೇನೆ. 0.1 ಡಿಗ್ರಿ ಅಲ್ಲಾಡುವುದಿಲ್ಲ. ಕೋಡ್ ಬೇಕಾದರೆ ಕೇಳಿ.

ತುಂಗಾದಡ

ಥರ್ಮಾಮೀಟರ್ ಉಪಾಯ ಚೆನ್ನಾಗಿದೆ, ಇಟ್ಟು ನೋಡಿದೆ. ಬೆಳಗ್ಗೆ 38.2ರಲ್ಲಿ ನಿಂತಿತ್ತು.

ಸೋಲ್ಡರ್ ಸಿದ್ದ

ಹಾಗಾದರೆ 44.5 ಡಿಗ್ರಿಯಲ್ಲಿ ಇಡಬೇಕಿತ್ತು. ಫೀಕಲ್ ಕೋಲಿಫಾರ್ಮ್‌ಗೆ 44.5 ಅಂತಲೇ ಇರುವುದು. 37ರಲ್ಲಿ ಇಟ್ಟರೆ ಲ್ಯಾಬ್‌ಗೆ ಹೊಂದುವುದು ಹೇಗೆ?

ಲ್ಯಾಬ್ ಕೋಟು

37ರಲ್ಲಿ ಇಟ್ಟರೆ ಚುಕ್ಕೆ ಜಾಸ್ತಿ ಬರಬೇಕು, ಕಡಿಮೆ ಅಲ್ಲ. ಬಿಸಿಲಿಗೆ, ಪೆಟ್ಟಿಗೆ ಸೊರಗಿದ ಬ್ಯಾಕ್ಟೀರಿಯಾ 44.5ರಲ್ಲಿ ಏಳುವುದು ಇನ್ನೂ ಕಷ್ಟ. ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ವಿಧಾನವೊಂದರಲ್ಲಿ ಮೊದಲು ಎರಡು ಗಂಟೆ 35ರಲ್ಲಿ ಸುಧಾರಿಸಿಕೊಳ್ಳಲು ಬಿಟ್ಟು, ಆಮೇಲೆ 44.5ಕ್ಕೆ ಏರಿಸುವುದು ಅದಕ್ಕೇ. ಇವರ ಅಗಾರ್‌ಗೆ 37 ಸರಿ. 38.2 ಆದರೂ ತೊಂದರೆ ಇಲ್ಲ. ಇನ್‌ಕ್ಯುಬೇಟರ್ ವಿಷಯ ಇಲ್ಲಿಗೆ ಬಿಡಿ.

ತುಂಗಾದಡ ಅವರೇ, ನನ್ನ ಪ್ರಶ್ನೆಗಳಿಗೆ ಉತ್ತರ ಬಂದಿಲ್ಲ.

ಚಾರ್ಲ್ಸ್ ಕನ್ನಡಿಗ

ಬಾಸ್ಟನ್‌ನಿಂದ ಬರೆಯುತ್ತಿದ್ದೇನೆ. ನಿಮ್ಮ ಕೆಲಸ ಓದಿ ತುಂಬಾ ಖುಷಿಯಾಯಿತು. ಇಲ್ಲಿನ ಚಾರ್ಲ್ಸ್ ನದಿಯೂ ಹೀಗೇ ಇತ್ತು. 1995ರಲ್ಲಿ ಇಪಿಎ ಇದಕ್ಕೆ ಕೊಟ್ಟ ಮೊದಲ ಗ್ರೇಡ್ ಡಿ. ಕೊಳಚೆ ಸೇರುವ ಕೊಳವೆಗಳನ್ನು ಒಂದೊಂದಾಗಿ ಹುಡುಕಿ ಮುಚ್ಚುತ್ತಾ ಬಂದರು. ಹಲವು ದಶಕ ಈಜು ನಿಂತಿದ್ದ ಮೇಲೆ 2013ರಲ್ಲಿ ಜನ ಅಧಿಕೃತವಾಗಿ ನೀರಿಗಿಳಿದು ಈಜಿದರು. ದೋಣಿ ಮನೆಗಳ ಹತ್ತಿರ ಈಗಲೂ ನೀಲಿ, ಕೆಂಪು ಬಾವುಟ ಹಾರುತ್ತವೆ.

ಆದರೆ ಒಂದು ಕಷ್ಟ ಇದೆ. ಪ್ಲೇಟ್ ಫಲಿತಾಂಶ ಬರುವುದು 24 ಗಂಟೆ ಆದ ಮೇಲೆ. ನೀವು ಇವತ್ತು ಹಾಕುವ ಬಾವುಟ ನಿನ್ನೆಯ ನೀರಿನದ್ದು. ಇಲ್ಲಿ ಮಳೆ ಎಷ್ಟು ಬಂತು, ನದಿ ಎಷ್ಟು ಹರಿಯುತ್ತಿದೆ ಅಂತ ನೋಡಿ ಲೆಕ್ಕ ಕಟ್ಟುತ್ತಾರೆ. ಜೋರು ಮಳೆ ಬಂದರೆ ಎರಡು ಮೂರು ದಿನ ನೀರಿಗೆ ಇಳಿಯುವುದು ಬೇಡ ಅಂತಲೇ ಲೆಕ್ಕ. ಪ್ಯಾರಿಸ್‌ನಲ್ಲೂ 2024ರ ಒಲಿಂಪಿಕ್ಸ್ ವೇಳೆ ಮಳೆ ಬಂದು ಸೀನ್ ನದಿ ಕೆಟ್ಟಿತು, ಗಂಡಸರ ಟ್ರಯಥ್ಲಾನ್ ಒಂದು ದಿನ ಮುಂದಕ್ಕೆ ಹೋಯಿತು.

ತುಂಗಾದಡ

ಧನ್ಯವಾದ ಸರ್. ಆದರೆ ನಮ್ಮಲ್ಲಿ ಕಥೆ ಉಲ್ಟಾ ಅನ್ನಿಸುತ್ತದೆ. ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪವೇ ಮುಳುಗುತ್ತದೆ. ಆಗ ಬಾವುಟ ಇಲ್ಲದಿದ್ದರೂ ಯಾರೂ ಇಳಿಯಬಾರದು. ಜನ ನೀರಿಗಿಳಿಯುವುದು ಬೇಸಿಗೆಯಲ್ಲಿ. ಆಗ ನದಿ ಬಡಕಲಾಗಿರುತ್ತದೆ, ಚರಂಡಿ ಮಾತ್ರ ದಿನವೂ ಅಷ್ಟೇ ಹರಿಯುತ್ತದೆ. ಹಾಗಾಗಿ ಮಳೆ ನೋಡುವುದಕ್ಕಿಂತ ಗಾಜನೂರು ಡ್ಯಾಮಿನಿಂದ ಎಷ್ಟು ನೀರು ಬಿಡುತ್ತಿದ್ದಾರೆ ಅಂತ ನೋಡುವುದೇ ಸರಿ ಅಲ್ವಾ?

ಚಾರ್ಲ್ಸ್ ಕನ್ನಡಿಗ

ಸರಿಯಾದ ಮಾತು. ಹರಿವಿನ ಲೆಕ್ಕ ಮೊದಲು ಹಿಡಿಯಿರಿ. ಬೇಸಿಗೆಯ ಅಡ್ಡಮಳೆಯನ್ನು ಮಾತ್ರ ಮರೆಯಬೇಡಿ. ಅಷ್ಟು ದಿನ ಚರಂಡಿಯಲ್ಲಿ ಕೂತದ್ದೆಲ್ಲ ಒಂದೇ ಸಲ ತೊಳೆದುಕೊಂಡು ಬರುತ್ತದೆ. ಬಾವುಟಕ್ಕೆ 100 ಮಿ.ಲೀ.ಗೆ 126 ಅನ್ನುವ ಮಿತಿ ಇಟ್ಟುಕೊಳ್ಳಿ, ಇಪಿಎಯದ್ದು.

ನಿಯಮ ನೋಡಿ

ನಮ್ಮ ದೇಶಕ್ಕೆ ನಮ್ಮ ಮಾನದಂಡ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ (ಸಿಪಿಸಿಬಿ) ಪ್ರಕಾರ ಸ್ನಾನದ ನೀರಿಗೆ ಫೀಕಲ್ ಕೋಲಿಫಾರ್ಮ್ 100 ಮಿ.ಲೀ.ಗೆ 500 ಇದ್ದರೆ ಒಳ್ಳೆಯದು, 2500 ಗರಿಷ್ಠ ಮಿತಿ. ಕರಗಿದ ಆಮ್ಲಜನಕ ಲೀಟರ್‌ಗೆ 5 ಮಿ.ಗ್ರಾಂ ಅಥವಾ ಜಾಸ್ತಿ, ಬಿಒಡಿ (ಕೊಳೆ ಕರಗಲು ಬೇಕಾಗುವ ಆಮ್ಲಜನಕ) 3 ಅಥವಾ ಕಡಿಮೆ, ಪಿಎಚ್ 6.5ರಿಂದ 8.5. ಬಾಸ್ಟನ್ ಲೆಕ್ಕ ತಂದು ಇಲ್ಲಿ ಯಾಕೆ ಹಾಕಬೇಕು?

ಚಾರ್ಲ್ಸ್ ಕನ್ನಡಿಗ

ಮಕ್ಕಳು ಈಜುವಾಗ ನೀರು ನುಂಗುತ್ತಾರೆ ಸರ್. 2500 ಗರಿಷ್ಠ ಅಂತ ಬರೆದಿದೆ ಅಂದ ಮಾತ್ರಕ್ಕೆ ನನ್ನ ಮಗುವನ್ನು ನಾನು ಇಳಿಸುವುದಿಲ್ಲ.

ಲ್ಯಾಬ್ ಕೋಟು

ಇಬ್ಬರೂ ಬೇರೆ ಬೇರೆ ವಸ್ತು ತೂಗುತ್ತಿದ್ದೀರಿ. 126 ಅನ್ನುವುದು ಇ. ಕೋಲಿಯದ್ದು, ಅದೂ ಹಲವು ಸ್ಯಾಂಪಲ್‌ಗಳ ಜ್ಯಾಮಿತೀಯ ಸರಾಸರಿ. 500, 2500 ಫೀಕಲ್ ಕೋಲಿಫಾರ್ಮ್‌ನದ್ದು. ಇ. ಕೋಲಿ ಆ ಗುಂಪಿನ ಒಂದು ಭಾಗ ಮಾತ್ರ. ಇವರ ಪ್ಲೇಟ್‌ನಲ್ಲಿ ನೀಲಿ ಚುಕ್ಕೆ ಅಂದರೆ ಇ. ಕೋಲಿ. ಹಾಗಾಗಿ ಬಾವುಟಕ್ಕೆ ಇ. ಕೋಲಿ ಮಿತಿಯನ್ನೇ ಹಿಡಿದು, ಬೋರ್ಡ್‌ನಲ್ಲಿ ಅದು ಏನು ಅಂತ ಬರೆಯಲಿ.

ತುಂಗಾದಡ

ಮೇಡಂ, ತಡವಾಯಿತು. ಉತ್ತರ ಇಲ್ಲಿದೆ. ನೀರು ತಂದ ಒಂದು ಗಂಟೆಯೊಳಗೆ ಪ್ಲೇಟ್ ಆಗುತ್ತದೆ, ಐಸ್ ಡಬ್ಬದಲ್ಲೇ ತರುತ್ತೇವೆ. 100 ಮಿ.ಲೀ. ಸೋಸಲು ಹೋದರೆ ಮೆಂಬ್ರೇನ್ ಕಟ್ಟಿಕೊಳ್ಳುತ್ತದೆ. ಅದಕ್ಕೆ 10 ಮಿ.ಲೀ. ನದಿ ನೀರಿಗೆ ನಲ್ಲಿ ನೀರು ಸೇರಿಸಿ 100 ಮಾಡಿಕೊಂಡು, ಸ್ವಲ್ಪ ಹೊತ್ತು ಕೆಸರು ಕೂರಲು ಬಿಟ್ಟು ಸೋಸುತ್ತೇವೆ. ಫನೆಲ್ ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಅದ್ದಿ, ನಲ್ಲಿಯಲ್ಲಿ ತೊಳೆಯುತ್ತೇವೆ.

ಮೀನುತೊಟ್ಟಿ

ನಲ್ಲಿ ನೀರಾ? ಕಾರ್ಪೊರೇಷನ್ ನೀರಾ? ಸ್ವಾಮಿ, ಅದನ್ನು ನೇರವಾಗಿ ತೊಟ್ಟಿಗೆ ಸುರಿದರೆ ನನ್ನ ಮೀನೇ ಉಳಿಯುವುದಿಲ್ಲ. ಬ್ಯಾಕ್ಟೀರಿಯಾ ಉಳಿಯುತ್ತದಾ? ನಾವು ಮೊದಲು ಕ್ಲೋರಿನ್ ತೆಗೆಯುವ ಹರಳು ಹಾಕುತ್ತೇವೆ. ಸೋಡಿಯಂ ಥಯೋಸಲ್ಫೇಟ್, ಯಾವ ಮೀನಿನ ಅಂಗಡಿಯಲ್ಲೂ ಸಿಗುತ್ತದೆ. ಕ್ಲೋರಿನ್ ನೋಡುವ ಹನಿಯೂ ಅಲ್ಲೇ ಸಿಗುತ್ತದೆ. ಹಾಕಿ, ನೀರು ಹಳದಿ ಆದರೆ ಕ್ಲೋರಿನ್ ಇದೆ ಅಂತ.

ಲ್ಯಾಬ್ ಕೋಟು

ಮೀನುತೊಟ್ಟಿ ಹೇಳಿದ್ದು ಸರಿ. ಕುಡಿಯುವ ನೀರಿನ ಐಎಸ್ 10500 ಪ್ರಕಾರ ನಲ್ಲಿಯಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಅದು ಇರುವುದೇ ಇ. ಕೋಲಿಯಂಥವನ್ನು ಕೊಲ್ಲಲು. ನೀವು ಒಂಬತ್ತು ಪಾಲು ಆ ನೀರು ಸೇರಿಸಿ, ಕೊಲ್ಲಲು ಸಮಯವನ್ನೂ ಕೊಡುತ್ತಿದ್ದೀರಿ. ಫನೆಲ್‌ನಲ್ಲಿ ಬ್ಲೀಚಿಂಗ್ ಉಳಿದಿದ್ದರೆ ಅದು ಬೇರೆ. ಕೆಸರು ಕೂತಾಗ ಅದಕ್ಕೆ ಅಂಟಿದ ಬ್ಯಾಕ್ಟೀರಿಯಾ ಕೂಡ ತಳ ಸೇರುತ್ತದೆ.

ಸೋಲ್ಡರ್ ಸಿದ್ದ

ಇದು ಒಪ್ಪುವ ಹಾಗಿಲ್ಲ. ನದಿ ನೀರಿನ ಕೊಳೆಯೇ ಅಷ್ಟು ಕ್ಲೋರಿನ್ ತಿಂದು ಹಾಕುತ್ತದೆ. 38.2 ಅನ್ನುವುದು ಒಂದು ರಾತ್ರಿಯ ಮಾತು. ವೋಲ್ಟೇಜ್ ಏರಿಳಿದಾಗ ಏನಾಗುತ್ತದೆ?

ಲ್ಯಾಬ್ ಕೋಟು

ಸ್ವಲ್ಪ ಕ್ಲೋರಿನ್ ಕೊಳೆಗೆ ಹೋಗುತ್ತದೆ, ನಿಜ. ಕೊಳೆ ಇರುವುದು 10 ಮಿ.ಲೀ.ಯಲ್ಲಿ, ಕ್ಲೋರಿನ್ 90 ಮಿ.ಲೀ.ಯಲ್ಲಿ. ವಾದ ಯಾಕೆ, ಪ್ಲೇಟ್ ಹೇಳಲಿ. ಚರಂಡಿ ಬಾಯಿಯ ನೀರು ತನ್ನಿ. ಒಂದನ್ನು ಈಗ ಮಾಡುವ ಹಾಗೇ ನಲ್ಲಿ ನೀರಿನಲ್ಲಿ ಮಾಡಿ. ಇನ್ನೊಂದನ್ನು ಸ್ಟೆರೈಲ್ ಸಲೈನ್‌ನಲ್ಲಿ ತೆಳುವು ಮಾಡಿ, ಕೂರಿಸದೆ ಕುಲುಕಿ ಸೋಸಿ. ಮೂರನೆಯದರಲ್ಲಿ ಬರೀ ಸಲೈನ್. ಅದು ಖಾಲಿ ಬರಲೇಬೇಕು. ಮೂರನ್ನೂ ಅದೇ ಇನ್‌ಕ್ಯುಬೇಟರ್‌ನಲ್ಲಿಡಿ. ಸಿದ್ದ ಅವರ ಅನುಮಾನವೂ ಅದರಲ್ಲೇ ಬಗೆಹರಿಯುತ್ತದೆ.

ಸಲೈನ್ ಅಂದರೆ ಲೀಟರ್ ಡಿಸ್ಟಿಲ್ಡ್ ನೀರಿಗೆ 8.5 ಗ್ರಾಂ ಅಯೋಡಿನ್ ಇಲ್ಲದ ಉಪ್ಪು. ಬಾಟಲಿ ಸಮೇತ ಪ್ರೆಷರ್ ಕುಕ್ಕರ್‌ನಲ್ಲಿ 20 ನಿಮಿಷ. ಫನೆಲ್‌ಗೆ ಬ್ಲೀಚಿಂಗ್ ಬೇಡ, ಕುದಿಯುವ ನೀರು ಸಾಕು. ಚರಂಡಿ ನೀರಿಗೆ ಗ್ಲೌಸ್ ಹಾಕಿ. ಹಳೇ ಪ್ಲೇಟ್‌ಗಳನ್ನು ಹಾಗೇ ಕಸಕ್ಕೆ ಎಸೆಯಬೇಡಿ, ಕುಕ್ಕರ್‌ನಲ್ಲಿ ಬೇಯಿಸಿ ಎಸೆಯಿರಿ. ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಹೋಗಬಾರದು.

ಕೂಡ್ಲಿಯಿಂದ

ನಾನು ಸುಮ್ನೆ ಓದುತ್ತಿದ್ದೆ, ಈಗ ಬರೆಯಲೇಬೇಕು ಅನ್ನಿಸಿತು. ನಿಮ್ಮ ಊರು ದಾಟಿದ ನೀರು ಬರುವುದು ನಮ್ಮ ಸಂಗಮಕ್ಕೆ. ತುಂಗಾ ಪಾನ ಅಂತ ಹೇಳಿಕೊಂಡು ಬರುವ ಯಾತ್ರಿಕರು ಇಲ್ಲಿ ಮುಳುಗಿ ಏಳುತ್ತಾರೆ, ಬೊಗಸೆಯಲ್ಲಿ ಕುಡಿಯುತ್ತಾರೆ. ನಿಮ್ಮ ಪರೀಕ್ಷೆ ಸರಿಯಾದ ಮೇಲೆ ನಮ್ಮ ಕಡೆಗೂ ಬನ್ನಿ. ನೀರು ತುಂಬಿ ಕೊಡುವ ಕೆಲಸ ನಾನು ಮಾಡುತ್ತೇನೆ.

ತುಂಗಾದಡ

ಖಂಡಿತ ಬರುತ್ತೇವೆ.

ಫಲಿತಾಂಶ ಬಂತು. ನಲ್ಲಿ ನೀರಿನ ಪ್ಲೇಟ್‌ನಲ್ಲಿ ಅದೇ ಹಳೇ ಕಥೆ, ಅಲ್ಲೊಂದು ಇಲ್ಲೊಂದು ಚುಕ್ಕೆ. ಸಲೈನ್ ಪ್ಲೇಟ್ ಪೂರ್ತಿ ನೀಲಿ, ಎಣಿಸಲು ಆಗುವ ಹಾಗೇ ಇಲ್ಲ. ಬರೀ ಸಲೈನ್‌ನದ್ದು ಖಾಲಿ. ಕ್ಲೋರಿನ್ ಹನಿ ಹಾಕಿದರೆ ನಲ್ಲಿ ನೀರು ಚೆನ್ನಾಗಿ ಹಳದಿ ಆಯಿತು. ಮೇಡಂಗೂ ಮೀನುತೊಟ್ಟಿಯವರಿಗೂ ತುಂಬಾ ಧನ್ಯವಾದ. ಹಳೇ ಅಂಕಿಗಳನ್ನೆಲ್ಲ ಹೊಡೆದು ಹಾಕಿದ್ದೇವೆ. ಮೆಟ್ಟಿಲ ಹತ್ತಿರ ಸದ್ಯಕ್ಕೆ ಕೆಂಪು ಬಾವುಟವೇ ಇರುತ್ತದೆ.

ಈಗ ಎಣಿಸುವುದು ಹೇಗೆ?

ಲ್ಯಾಬ್ ಕೋಟು

ಒಂದು ಮೆಂಬ್ರೇನ್ ಮೇಲೆ 20ರಿಂದ 80 ಚುಕ್ಕೆ ಬರುವ ಹಾಗೆ ಪ್ರಮಾಣ ಇಳಿಸಿ. ಮೆಟ್ಟಿಲ ನೀರಿಗೆ 10, 1, 0.1 ಮಿ.ಲೀ. ಮೂರನ್ನೂ ಹಾಕಿ, ಎಣಿಸಲು ಬಂದದ್ದನ್ನು ಹಿಡಿಯಿರಿ. 1 ಮಿ.ಲೀ.ಯಲ್ಲಿ 40 ಬಂದರೆ 100 ಮಿ.ಲೀ.ಗೆ 4000. ನೀರನ್ನು ಪ್ರತಿ ಸಲವೂ ಒಂದೇ ಹೊತ್ತಿಗೆ, ಬೆಳಗ್ಗೆ ಬಿಸಿಲು ಏರುವ ಮುಂಚೆ ತೆಗೆಯಿರಿ. ಬಾಟಲಿಯ ಬಾಯಿ ಹರಿವಿಗೆ ಎದುರಾಗಿ, ಒಂದು ಅಡಿ ಆಳದಲ್ಲಿ. ಮಧ್ಯಾಹ್ನ ಮೇಲಿನ ನೀರು ತೆಗೆದರೆ ಬಿಸಿಲಿಗೆ ಸತ್ತದ್ದು ಕಳೆದು ಉಳಿದದ್ದಷ್ಟೇ ಸಿಗುತ್ತದೆ.

ಸೋಲ್ಡರ್ ಸಿದ್ದ

ಚರಂಡಿ ನೀರು ಬೆಳೆಯಿತು ಅಂದರೆ ಡಬ್ಬ ಸರಿ ಇದೆ ಅಂತ ಒಪ್ಪಿದೆ. ಕೂಡ್ಲಿಯದ್ದೂ ಸೇರಿದರೆ ಪ್ಲೇಟ್ ಜಾಸ್ತಿ ಆಗುತ್ತವೆ, ಈ ಡಬ್ಬ ಸಾಲುವುದಿಲ್ಲ. ದೊಡ್ಡದೊಂದು ನಾನು ಕಟ್ಟಿ ಕಳಿಸುತ್ತೇನೆ. ವಿಳಾಸ ಖಾಸಗಿ ಸಂದೇಶದಲ್ಲಿ ಹಾಕಿ.

ಮೀನುತೊಟ್ಟಿ

ಆ ಕೈಪಂಪು ಎಲ್ಲಿ ಸಿಕ್ಕಿತು ಅಂತ ಯಾರೂ ಕೇಳಲಿಲ್ಲ. ನನಗೂ ಒಂದು ಬೇಕು.

ತುಂಗಾದಡ

ಗ್ಯಾರೇಜ್ ಸಾಮಾನಿನ ಅಂಗಡಿಯಲ್ಲಿ. ಬೈಕಿನ ಬ್ರೇಕ್ ಆಯಿಲ್ ಎಳೆಯಲು ಇಡುತ್ತಾರೆ, ಮೀಟರ್ ಸಮೇತ ಬರುತ್ತದೆ.