ಮೂರು ಮಾತ್ರೆಗೂ ಇಳಿಯದ ಬಿಪಿ: ಅನುಭವ ಇದ್ದವರು ಹೇಳಿ

ಪ್ರಶ್ನೆ (ಸುರತ್ಕಲ್): ಅಮ್ಮನಿಗೆ 52 ವರ್ಷ. ಮೂರು ಬಗೆಯ ಮಾತ್ರೆ ನುಂಗಿದರೂ ಬಿಪಿ 160/100ಕ್ಕಿಂತ ಕೆಳಗೆ ಬರುತ್ತಿಲ್ಲ. ಪೊಟ್ಯಾಸಿಯಂ 3.1, ಅಂದರೆ ಕಡಿಮೆ. ಈಗ ಡಾಕ್ಟರು ಹಾರ್ಮೋನ್ ಟೆಸ್ಟ್ ಬರೆದಿದ್ದಾರೆ. ಮಾಡಿಸಬೇಕಾ, ಸುಮ್ನೆ ಖರ್ಚಾ?

ಉಡುಪಿಯಿಂದ: ಖಂಡಿತ ಮಾಡಿಸಿ. ನಮ್ಮವರಿಗೂ ಇದೇ ಕಥೆ. ನಡುರಾತ್ರಿ ಮೀನಖಂಡ ಸೆಳೆದು ಎದ್ದು ಕೂರುತ್ತಿದ್ದರು. ಮೂತ್ರಕ್ಕೆ ಏಳುವುದು ಬೇರೆ. ಮೊದಲು ತೋರಿಸಿದ ಕಡೆ ಟೆನ್ಶನ್ ಅಂದರು, ಇನ್ನೊಂದು ಮಾತ್ರೆ ಸೇರಿಸಿದರು, ಅಷ್ಟೇ. ಆಮೇಲೆ ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ನೋಡಿದಾಗ ವಿಷಯ ಗೊತ್ತಾಯಿತು. ಕಿಡ್ನಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೆರಾನ್ ಅನ್ನುವ ಹಾರ್ಮೋನ್ ಜಾಸ್ತಿ ಬರುತ್ತಿತ್ತು. ಅದು ಉಪ್ಪನ್ನು ಮೈಯಲ್ಲೇ ಉಳಿಸುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೋಗುತ್ತದೆ. ಬಿಪಿ ಇಳಿಯುವುದಾದರೂ ಹೇಗೆ ಅಲ್ವಾ? ಕಾನ್ಸ್ ಸಿಂಡ್ರೋಮ್ ಅಂತಾರೆ. ಪೊಟ್ಯಾಸಿಯಂ ಸರಿಯಿದ್ದವರಿಗೂ ಇದು ಇರಬಹುದು.

ಟೆಸ್ಟ್ ಅಂದರೆ ಆಲ್ಡೋಸ್ಟೆರಾನ್ ಮತ್ತು ರೆನಿನ್ (ಆಲ್ಡೋಸ್ಟೆರಾನ್ ಬರುವಂತೆ ಮಾಡುವ ಕಿಡ್ನಿಯ ರಾಸಾಯನಿಕ) ಎರಡನ್ನೂ ಅಳೆದು ಹೋಲಿಸುವುದು. ಬೆಳಿಗ್ಗೆ ಎದ್ದು ಎರಡು ಗಂಟೆಯಾದರೂ ಓಡಾಡಿ, ಆಮೇಲೆ ಸ್ವಲ್ಪ ಹೊತ್ತು ಕೂತು ರಕ್ತ ಕೊಡಬೇಕು. ಅದಕ್ಕೂ ಮೊದಲು ಪೊಟ್ಯಾಸಿಯಂ ಸರಿ ಮಾಡಿಸಿಕೊಳ್ಳಿ. ಅದು ಕಡಿಮೆಯಿದ್ದರೆ ಕಾಯಿಲೆ ಇದ್ದೂ ರಿಪೋರ್ಟ್ ನಾರ್ಮಲ್ ಬರಬಹುದು. ಕೆಲವು ಬಿಪಿ ಮಾತ್ರೆಗಳಿಂದಲೂ ಲೆಕ್ಕ ತಪ್ಪುತ್ತದೆ. ಯಾವುದನ್ನು ಎಷ್ಟು ದಿನ ನಿಲ್ಲಿಸಬೇಕು ಅಂತ ಡಾಕ್ಟರೇ ಹೇಳಲಿ, ನೀವಾಗಿ ನಿಲ್ಲಿಸಬೇಡಿ.

ಕುಂದಾಪುರದಿಂದ: ಒಂದು ಮಾತು ಸೇರಿಸುತ್ತೇನೆ. ಸಿಟಿ ಸ್ಕ್ಯಾನಿನಲ್ಲಿ ಅಡ್ರಿನಲ್ ಗ್ರಂಥಿಯಲ್ಲಿ ಗಡ್ಡೆ ಕಂಡ ಕೂಡಲೇ ಆಪರೇಷನ್ನಿಗೆ ಹೊರಡಬೇಡಿ. ನಮ್ಮ ಅತ್ತೆಗೆ ಎಡಗಡೆ ಸಣ್ಣ ಗಡ್ಡೆ ಇತ್ತು. ತೊಡೆಯ ಸಂದಿನ ರಕ್ತನಾಳದಿಂದ ನಳಿಕೆ ಹಾಕಿ, ಎರಡೂ ಗ್ರಂಥಿಗಳ ರಕ್ತ ತೆಗೆದು ನೋಡಿದರೆ, ಎರಡೂ ಕಡೆ ಹಾರ್ಮೋನ್ ಜಾಸ್ತಿ! ಆಪರೇಷನ್ ತಪ್ಪಿತು, ಆಲ್ಡೋಸ್ಟೆರಾನ್ ಕೆಲಸ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯಲ್ಲೇ ಬಿಪಿ ಹಿಡಿತಕ್ಕೆ ಬಂತು. ಒಂದೇ ಕಡೆ ಇದ್ದರೆ ಆ ಗ್ರಂಥಿಯನ್ನು ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರದ ಆಪರೇಷನ್) ತೆಗೆಯುತ್ತಾರೆ.

ಉಡುಪಿಯಿಂದ: ಹೌದು, ನಮ್ಮವರದ್ದು ಒಂದೇ ಕಡೆ, ತೆಗೆಸಿದೆವು. ಪೊಟ್ಯಾಸಿಯಂ ಸರಿಹೋಯಿತು. ಬಿಪಿಗೆ ಒಂದು ಮಾತ್ರೆ ಈಗಲೂ ಇದೆ. ವರ್ಷಗಟ್ಟಲೆ ಬಿಪಿ ಇದ್ದವರಿಗೆ ಹಾಗೆ ಉಳಿಯುವುದುಂಟಂತೆ.

ಕದ್ರಿಯಿಂದ: ಅಮ್ಮ ಕೆಮ್ಮಿಗೆ ಜ್ಯೇಷ್ಠಮಧು ಕಷಾಯ ಕುಡಿಯುತ್ತಾರಾ? ಜಾಸ್ತಿಯಾದರೆ ಅದರಿಂದಲೂ ಹೀಗೇ ಬಿಪಿ ಏರಿ ಪೊಟ್ಯಾಸಿಯಂ ಇಳಿಯುತ್ತದೆ. ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಸ್ಪೈರೊನೊಲ್ಯಾಕ್ಟೋನ್ ಶುರುವಾದರೆ ದಿನಾ ಬೊಂಡ (ಎಳನೀರು) ಕುಡಿಯುವುದಕ್ಕೂ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಆ ಮಾತ್ರೆ ಪೊಟ್ಯಾಸಿಯಂ ಏರಿಸುತ್ತದೆ, ಬೊಂಡದಲ್ಲೂ ಅದೇ ಧಾರಾಳ. ಕಿಡ್ನಿ ತೊಂದರೆ ಇದ್ದವರಿಗಂತೂ ಅಪಾಯ. ಉಪ್ಪಿನಕಾಯಿ, ಒಣಮೀನು ಆಮೇಲೆ ಹೇಗೂ ಕಡಿಮೆ ಮಾಡಬೇಕು. ಆದರೆ ಟೆಸ್ಟಿಗೆ ಮುಂಚೆ ಅಮ್ಮನ ಊಟ ಎಂದಿನಂತೆಯೇ ಇರಲಿ, ಉಪ್ಪು ಪೂರ್ತಿ ಬಿಟ್ಟರೂ ರಿಪೋರ್ಟ್ ಏರುಪೇರಾಗುತ್ತದೆ.